ದೇವೇಂದ್ರಪ್ಪನವರ ಮೂರನೇ ಅಂಗಡಿ

ದೆಹಲಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನ ಸೆಕ್ಷನ್ ಆಫೀಸರ್ ದೇವೇಂದ್ರಪ್ಪನವರು ಆಫೀಸಿನ ಕೊಟೇಶನ್ ಪದ್ಧತಿಯಂತೆ ಮೂರು ಕಡೆ ವಿಚಾರಿಸದೆ ಬದನೆಕಾಯಿಯನ್ನೂ ಕೊಂಡವರಲ್ಲ. ಇನ್ನು ಮಗಳ ಕಂಪ್ಯೂಟರ್ ಆಟದ ಚಿತ್ರಗಳನ್ನು ಪರದೆಯ ಮೇಲೆ ಓಡಿಸುವ ಗ್ರಾಫಿಕ್ಸ್ ಕಾರ್ಡೆಂದರೆ ಕೇಳಬೇಕೆ! ಕಂಪ್ಯೂಟರ್ ಮಾರ್ಕೆಟ್ಟಾದ ನೆಹರೂ ಪ್ಲೇಸಿನ ಮೂರನೇ ಅಂಗಡಿಯಲ್ಲಿ, ಕರವಸ್ತ್ರದಲ್ಲಿ ಸುತ್ತಿ ತಂದ ಹಳೇ ಕಾರ್ಡನ್ನು ಹೊಸದರ ಪಕ್ಕದಲ್ಲಿಟ್ಟು, "ಭಯ್ಯಾ, ಹಳೇದಕ್ಕೆ ಫ್ಯಾನೇ ಇಲ್ಲ, ಇದಕ್ಯಾಕೆ ಬೇಕು?" ಎಂದು ತಗಾದೆ ತೆಗೆದರು. ಅಂಗಡಿಯವನು ಮುಖ ಗಂಟಿಕ್ಕಿ ಹೊಸ ಕಾರ್ಡನ್ನು ಮತ್ತೆ ಡಬ್ಬಿಗೆ ಸೇರಿಸಿದ. ಈ ಸಲವೂ ಕೈತಪ್ಪಿತೆಂದು ಮಗಳು ಸ್ಫೂರ್ತಿ ಅಪ್ಪನ ತೋಳು ಜಗ್ಗಿದಳು. "ಪಪ್ಪಾ, ಹಳೇದ್ರಲ್ಲಿ ಕಾರ್ ರೇಸ್ ನಿಂತು ನಿಂತು ಓಡತ್ತೆ ನಾ, ಇದ್ರಲ್ಲಿ ಏಕ್‌ದಮ್ ಫಾಸ್ಟ್!" ಅವರು ಹಳೇ ಕಾರ್ಡನ್ನು ಮೆಲ್ಲನೆ ಕರವಸ್ತ್ರದಲ್ಲಿ ಸುತ್ತುತ್ತಾ ಕೇಳಿದರು: "ಅಷ್ಟು ಜೋರಾಗಿ ಓಡಿದ್ರೆ, ಆಮೇಲೂ ನಿನ್ನ ಜೊತೆ ಆಡೋಕೆ ನನ್ನ ಕೈಲಾಗತ್ತೇನಮ್ಮಾ?"