ಟ್ರೆವರ್ ಬಾರಿಸದ ಹಾಡು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ ಟ್ರೆವರ್ ಹೋಲ್‌ರಾಯ್ಡ್ ಕಾರ್ಪೆಟ್ ಹಾಸದ ಬೀದಿ ಹುಡುಕಿದರೂ ಸಿಗುತ್ತಿರಲಿಲ್ಲ. ಅವನ ಅಪ್ಪ ಕಣಿವೆಯ ಗಿರಣಿಯಲ್ಲಿ ಕಾರ್ಪೆಟ್ ನೇಯ್ದವನು. ಗಿರಣಿ ಮುಚ್ಚಿದ ಮೇಲೆ ನೇಯುವುದು ನಿಂತಿತು, ಹಾಸುವುದು ನಿಲ್ಲಲಿಲ್ಲ. ಟ್ರೆವರ್ ಆರಡಿ ಮೀರಿದ ಆಳು. ಉದ್ದ ಕೂದಲನ್ನು ಹಿಂದಕ್ಕೆ ಬಾಚಿ ಜುಟ್ಟು ಕಟ್ಟುತ್ತಿದ್ದ. ಶೋಕಿಗಲ್ಲ, ದಿನವಿಡೀ ನೆಲಕ್ಕೆ ಬಗ್ಗಿರುವವನ ಕಣ್ಣಿಗೆ ಕೂದಲು ಬೀಳಬಾರದಲ್ಲ ಎನ್ನುತ್ತಿದ್ದ. ಹಾಗಾದರೆ ಕತ್ತರಿಸಿಬಿಡಬಾರದೇ ಎಂದು ಹೆಂಡತಿಯ ಅಮ್ಮ ಕೇಳಿದರೆ ಮಾತ್ರ ವ್ಯಾನ್ ಹತ್ತಿ ಕೆಲಸಕ್ಕೆ ಹೊರಟುಬಿಡುತ್ತಿದ್ದ.

ಯಾವುದನ್ನು ಕಂಡರೂ ಅದು ಹೇಗಾಗುತ್ತದೆ ಎಂದು ತಿಳಿಯುವ ತನಕ ಅವನಿಗೆ ಸಮಾಧಾನವಿರಲಿಲ್ಲ. ಕೆಲಸಕ್ಕೆ ಹೋದ ಮನೆಯಲ್ಲಿ ಗೋಡೆ ಗಡಿಯಾರದ ಬೆನ್ನು ಬಿಚ್ಚಿ ನೋಡಿ, ಮನೆಯೊಡತಿ ಚಹಾ ತರುವಷ್ಟರಲ್ಲಿ ಮತ್ತೆ ಮುಚ್ಚಿಟ್ಟು, ಏನೂ ಅರಿಯದವನಂತೆ ನೆಲದ ಮೇಲೆ ಕೂತಿರುತ್ತಿದ್ದ.

ತೊಂಬತ್ತೊಂದರ ಚಳಿಗಾಲ ಮುಗಿಯುವ ಹೊತ್ತಿಗೆ ಡ್ಯಾರೆನ್ ಎಂಬ ತರುಣ ಅವನನ್ನು ಹುಡುಕಿಕೊಂಡು ಬಂದ. ತನ್ನಮ್ಮನ ಮನೆಯ ನೆಲಮಾಳಿಗೆಗೆ ಕಾರ್ಪೆಟ್ ಹಾಕಬೇಕಂತೆ. ನೆಲಕ್ಕಲ್ಲ, ಗೋಡೆಗಳಿಗೆ.

"ಗೋಡೆ ಮೇಲೆ ಯಾರು ಓಡಾಡ್ತಾರೋ?" ಎಂದ ಟ್ರೆವರ್.

"ಯಾರೂ ಓಡಾಡಲ್ಲ ಗುರೂ. ಪಕ್ಕದ್ಮನೆಯೋರು ಪೊಲೀಸ್ನೋರನ್ನ ಕರೀದೇ ಇದ್ರೆ ಸಾಕು."

ಹೋಗಿ ನೋಡಿದರೆ ನೆಲಮಾಳಿಗೆಯ ತುಂಬ ಯಂತ್ರಗಳು, ಹಾವಿನ ಹುತ್ತದಂತೆ ವೈರುಗಳು. ಡ್ಯಾರೆನ್ ಮತ್ತು ಅವನ ಚಿಕ್ಕಪ್ಪನ ಮಗ ಇಯನ್ ಸೇರಿ ಕುಣಿತದ ಹಾಡು ಮಾಡುತ್ತಿದ್ದರು. ಹಾಡುವವಳು ಮಾರ್ಲೀನ್, ಪಕ್ಕದ ಹಡರ್ಸ್‌ಫೀಲ್ಡಿನಲ್ಲಿ ಷೂ ಅಂಗಡಿಯ ಹುಡುಗಿ, ಜಮೈಕಾದಿಂದ ಬಂದು ನೆಲೆಸಿದವರ ಮಗಳು. ಟ್ರೆವರ್ ಗೋಡೆಗೆ ಮೊಳೆ ಹೊಡೆದು ಮುಗಿಸುವಷ್ಟರಲ್ಲಿ ಆ ಹಾಡು ಅವನ ಬಾಯಿಗೂ ಬಂದಿತ್ತು.

ಬೇಸಿಗೆಯ ಹೊತ್ತಿಗೆ ಅದು ದೇಶದ ಬಾಯಿಗೆ ಬಂತು. ಆಗೆಲ್ಲ ಗುರುವಾರ ಸಂಜೆ ಏಳಕ್ಕೆ ಊರಿಗೆ ಊರೇ ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ವಾರದಲ್ಲಿ ಹೆಚ್ಚು ಮಾರಾಟವಾದ ಹಾಡುಗಳನ್ನು ತೋರಿಸುವ ಟಿವಿಯ ಹಾಡುಪಟ್ಟಿಯ ಮುಂದೆ ಕೂರುತ್ತಿತ್ತು. ಯಾವ ಹಾಡು ಏರಿತು, ಯಾವುದು ಜಾರಿತು ಎಂದು ಮಕ್ಕಳು ಕಿತ್ತಾಡುತ್ತಿದ್ದರು. ಹಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಅಪ್ಪಂದಿರು ಗೊಣಗುತ್ತಲೇ ಕೊನೆಯ ತನಕ ನೋಡುತ್ತಿದ್ದರು. ಡ್ಯಾರೆನ್‌ನ ಹಾಡು ಪಟ್ಟಿಯಲ್ಲಿ ಹತ್ತಿ ಹತ್ತಿ ಹನ್ನೊಂದಕ್ಕೆ ಬಂದಾಗ, ಬಂದು ಹಾಡಿ ಎಂದು ಕರೆ ಬಂತು. ಸಾಮಾನು ಹೊರಲು ವ್ಯಾನ್ ಇದ್ದದ್ದು ಟ್ರೆವರ್ ಹತ್ತಿರ. ಒಂದು ದಿನದ ಕೆಲಸ ಬಿಟ್ಟು ಅವನು ಹೊರಟಿದ್ದು ಸ್ಟುಡಿಯೋ ಹೇಗಿರುತ್ತದೆ ನೋಡಿಬಿಡೋಣ ಎಂಬ ಆಸೆಗೆ.

ಹೆದ್ದಾರಿ ಪಕ್ಕದ ಕ್ಯಾಂಟೀನಿನಲ್ಲಿ ಇಯನ್ ಹಂದಿಮಾಂಸ ತುಂಬಿದ ಒಂದು ಪೋರ್ಕ್ ಪೈ ತಿಂದ. ಪೈ ಕೆಟ್ಟಿತ್ತೋ ಅವನ ಧೈರ್ಯ ಕೆಟ್ಟಿತ್ತೋ, ಲಂಡನ್ನಿನ ಅಂಚಿನ ಸ್ಟುಡಿಯೋ ತಲುಪುವಷ್ಟರಲ್ಲಿ ಅವನು ವ್ಯಾನಿನ ಹಿಂದೆ ಕಾರ್ಪೆಟ್ ಸುರುಳಿಗಳ ನಡುವೆ ಬಕೆಟ್ ಹಿಡಿದು ಮಲಗಿದ್ದ. ಟಿವಿಯಲ್ಲಿ ಮುಖ ತೋರಿಸಲು ನನ್ನಿಂದಾಗದು ಎಂದುಬಿಟ್ಟ. ವೇದಿಕೆಯ ಮೇಲೆ ಎರಡು ಕೀಬೋರ್ಡು, ಒಬ್ಬನೇ ಡ್ಯಾರೆನ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ ಹೆಂಗಸು ಬಂದು, ಬಲಗಡೆ ಹಲ್ಲು ಉದುರಿದ ಬಾಯಿಯಂತೆ ಕಾಣುತ್ತಿದೆ, ಅಲ್ಲಿ ಯಾರಾದರೂ ನಿಲ್ಲಲೇಬೇಕು ಎಂದಳು. ಅವಳ ಕಣ್ಣು ಸುತ್ತಾಡಿ ಕೊನೆಗೆ, ಕ್ಯಾಮೆರಾದ ಗಾಲಿಗಳನ್ನು ಬಗ್ಗಿ ನೋಡುತ್ತಿದ್ದ ಟ್ರೆವರ್‌ನ ಜುಟ್ಟಿನ ಮೇಲೆ ನಿಂತಿತು.

"ನಂಗೆ ಬಾರ್ಸಕ್ಕೆ ಬರಲ್ಲ" ಎಂದ ಟ್ರೆವರ್.

"ಅದಕ್ಕೆ ಕರೆಂಟೇ ಕೊಟ್ಟಿಲ್ಲ ಗುರೂ" ಎಂದು ಡ್ಯಾರೆನ್ ಪಿಸುಗುಟ್ಟಿದ. "ರೆಕಾರ್ಡ್ ತಾನೇ ಹಾಡುತ್ತೆ. ಎಲ್ಲರೂ ಹಿಂಗೇ ಮಾಡೋದು. ನೀನು ಸುಮ್ನೆ ಕೈ ಆಡಿಸು."

ಯಾರೋ ಕಪ್ಪು ಕನ್ನಡಕ ತಂದು ಅವನ ಮೂಗಿಗೇರಿಸಿದರು. ದೀಪಗಳು ಹತ್ತಿಕೊಂಡವು. ಹಾಡು ಶುರುವಾದಾಗ ಟ್ರೆವರ್‌ಗೆ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. ಹಾಗಾಗಿ ಕಾರ್ಪೆಟ್ಟಿನ ಅಂಚನ್ನು ಗೋಡೆಯ ಸಂದಿಗೆ ತುರುಕುವಂತೆ ಬೆರಳುಗಳನ್ನು ಒತ್ತುತ್ತ ಹೋದ. ಅವನ ಕಸುಬಿನಲ್ಲಿ ಒಂದು ಹತಾರ ಉಂಟು: ಒಂದು ತುದಿಯ ಹಲ್ಲು ಕಾರ್ಪೆಟ್ಟನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದು ತುದಿಯ ದಿಂಬಿಗೆ ಮೊಣಕಾಲಿನಿಂದ ಗುದ್ದಿದರೆ ಕಾರ್ಪೆಟ್ ಬಿಗಿಯಾಗುತ್ತದೆ. ಇಪ್ಪತ್ತು ವರ್ಷ ಗುದ್ದಿದ ಕಾಲು ಅದು. ಕೈ ಒತ್ತಿದಾಗೆಲ್ಲ ಮೊಣಕಾಲು ತಾನಾಗಿ ಎದ್ದು ಗಾಳಿಗೆ ಗುದ್ದಿತು. ಅದೂ ಸರಿಯಾಗಿ ತಾಳಕ್ಕೆ. ಮುಂದೆ ಕುಣಿಯುತ್ತಿದ್ದ ಹುಡುಗಿಯರು ಕಂಡದ್ದೇ ತಡ, ತಾವೂ ಮೊಣಕಾಲೆತ್ತಿದರು. ಕ್ಯಾಮೆರಾ ಮಾರ್ಲೀನಳನ್ನು ಬಿಟ್ಟು ಅವನ ಕಡೆ ತಿರುಗಿತು.

ಮರುದಿನ, ಗುರುವಾರ ಸಂಜೆ, ಅದು ಪ್ರಸಾರವಾದಾಗ ಅವನ ಹೆಂಡತಿ ಲಿನೆಟ್ ನಗುತ್ತ ನಗುತ್ತ ಸೋಫಾದಿಂದ ಜಾರಿ ನೆಲಕ್ಕೆ ಕೂತಳು. "ಮದುವೆ ದಿನ ಒಂದು ಹೆಜ್ಜೆ ಕುಣಿ ಅಂತ ಕಾಲಿಗೆ ಬಿದ್ದೆ, ಕುಣೀಲಿಲ್ಲ. ಈಗ ಇಡೀ ದೇಶದ ಮುಂದೆ ಕುದುರೆ ಥರ ಒದೀತಿದೀಯಲ್ಲೋ" ಎಂದಳು. ಶುಕ್ರವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಗಾಳಿಗೆ ಗುದ್ದುತ್ತಿದ್ದರು. ಪಬ್ಬಿಗೆ ಕಾಲಿಟ್ಟರೆ, "ಬಂದ್ರಪ್ಪಾ ವಿದ್ವಾಂಸರು, ಕುರ್ಚಿ ಬಿಡಿ" ಎಂದು ಎದ್ದು ನಿಲ್ಲುವವರು. ಕರಿದ ಮೀನಿನ ಅಂಗಡಿಯವನು, ಇದಕ್ಕೂ ಕರೆಂಟಿಲ್ಲ, ಸುಮ್ಮನೆ ತಿಂದ ಹಾಗೆ ಮಾಡು ಎಂದು ಖಾಲಿ ಪೊಟ್ಟಣ ಕೊಟ್ಟ. ಟ್ರೆವರ್ ಎಲ್ಲರ ಜೊತೆ ನಕ್ಕ. ಆದರೆ ಅವನ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕು ಕೂತಿತ್ತು. ಆ ಕೀಬೋರ್ಡಿಗೆ ಕರೆಂಟು ಇದ್ದಿದ್ದರೆ ಅವತ್ತು ಏನು ಕೇಳುತ್ತಿತ್ತು?

ಆ ತಿಂಗಳೇ ಅವನಿಗೆ ಮಿಸ್ ಎನಿಡ್ ಗ್ರೀನ್‌ವುಡ್ ಎಂಬ ಮುದುಕಿಯ ಮನೆಯ ಮೆಟ್ಟಿಲಿಗೆ ಕಾರ್ಪೆಟ್ ಹಾಕುವ ಕೆಲಸ ಬಂತು. ಊರಿನ ಎರಡು ತಲೆಮಾರಿಗೆ ಪಿಯಾನೋ ಕಲಿಸಿ, ಬೆರಳಿನ ಗಂಟಿಗೆ ರೂಲುದೊಣ್ಣೆಯಿಂದ ತಟ್ಟಿದವಳು. ಅವನು ಮೆಟ್ಟಿಲ ಮೇಲೆ ಮೊಣಕಾಲೆತ್ತಿ ಗುದ್ದುತ್ತಿರುವುದನ್ನು ಕೆಳಗಿನಿಂದ ಬಹಳ ಹೊತ್ತು ನೋಡಿದಳು.

"ನೀನೇ ಅಲ್ವಾ, ಟಿವೀಲಿ ಬಂದಿದ್ದೋನು?"

ಇನ್ನೊಂದು ಗೇಲಿಗೆ ತಯಾರಾಗಿ ಟ್ರೆವರ್ ಹೌದೆಂದ.

"ನಿನ್ನ ಕೈ ಇದ್ದ ಜಾಗಕ್ಕೂ ಆ ಹಾಡಿಗೂ ಏನೂ ಸಂಬಂಧ ಇರಲಿಲ್ಲ" ಎಂದಳು ಮುದುಕಿ. "ಆದರೆ ಹಾಡು ತಿರುಗೋ ಮುಂಚೆ ನಿನ್ನ ಭುಜ ತಿರುಗ್ತು. ಕಿವಿ ಇಲ್ಲದೋನಿಗೆ ಅದು ಬರಲ್ಲ."

ಟ್ರೆವರ್ ಸುತ್ತಿಗೆ ಕೆಳಗಿಟ್ಟು ತನ್ನ ಪ್ರಶ್ನೆ ಕೇಳಿಯೇಬಿಟ್ಟ. ಮಿಸ್ ಗ್ರೀನ್‌ವುಡ್‌ಗೆ ನಗು ಬರಲಿಲ್ಲ. ಆ ಕಾರ್ಯಕ್ರಮದ ವಿಡಿಯೋ ಟೇಪು ಯಾರ ಬಳಿಯಾದರೂ ಇದೆಯೇ ಎಂದು ಕೇಳಿದಳು.

ಲಿನೆಟ್ ಅದನ್ನು ಟೇಪ್ ಮಾಡಿಟ್ಟಿದ್ದಳು. ಭಾನುವಾರ ಮಧ್ಯಾಹ್ನ ಮಿಸ್ ಗ್ರೀನ್‌ವುಡ್ ಟೋಪಿ ಹಾಕಿಕೊಂಡು ಅವರ ಮನೆಗೆ ಬಂದಳು. ಡ್ಯಾರೆನ್‌ನಿಂದ ಅದೇ ಕೀಬೋರ್ಡನ್ನು ಎರವಲು ತಂದು ಊಟದ ಮೇಜಿನ ಮೇಲಿಟ್ಟಿದ್ದರು. ಈ ಸಲ ಕರೆಂಟು ಕೊಟ್ಟು. ಲಿನೆಟ್ ಟೇಪನ್ನು ತಡೆದು ತಡೆದು ಓಡಿಸಿದಳು. ಮುದುಕಿ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ, ಟ್ರೆವರ್‌ನ ಬೆರಳುಗಳು ಕೀಬೋರ್ಡಿನ ಯಾವ ಮನೆಯ, ಯಾವ ಕೀಯ ಮೇಲಿವೆ ಎಂದು ನೋಡಿ, ಬಂದು ಅದನ್ನು ಬಾರಿಸುತ್ತಿದ್ದಳು. ಬಂದ ಸದ್ದು ಪಾತ್ರೆಗಳ ಕಪಾಟು ಮಗುಚಿದ ಹಾಗಿತ್ತು. ಲಿನೆಟ್ ಎರಡೂ ಕಿವಿ ಮುಚ್ಚಿಕೊಂಡಳು. ಟ್ರೆವರ್ ಮಾತ್ರ ಮುಂದಕ್ಕೆ ಬಾಗಿ, ತನ್ನ ಬಗ್ಗೆ ಯಾರೋ ಹೇಳಿದ ಚಾಡಿ ಕೇಳುವವನಂತೆ ಗಮನವಿಟ್ಟು ಕೇಳಿದ. ಒಂದೇ ಒಂದು ಕಡೆ, ಹಾಡಿನ ನಡುವೆ ಎಲ್ಲೋ, ಅವನ ಮೂರು ಬೆರಳುಗಳು ಅಕಸ್ಮಾತ್ತಾಗಿ ಸರಿಯಾದ ಜಾಗದಲ್ಲಿ ಬಿದ್ದಿದ್ದವು. ಮುದುಕಿ ಅದನ್ನು ಒತ್ತಿದಾಗ ಕೋಣೆಯಲ್ಲಿ ಬೆಳಕು ಬಂದಂತಾಯಿತು.

"ಇದು ನಾನಾ?" ಎಂದ ಟ್ರೆವರ್.

"ನೀನೇ. ಕುರುಡು ಕೋಳಿಗೂ ಒಂದು ಕಾಳು ಸಿಗುತ್ತೆ."

ಆಮೇಲೆ ಅವಳು ಟೇಪನ್ನು ತಡೆಯದೆ ಪೂರ್ತಿ ಕೇಳಿದಳು. ಹಾಡಿನ ಹಿಂದೆ ಸಣ್ಣಗೆ ಏರಿಳಿಯುವ ಒಂದು ಸ್ವರವಿತ್ತು. ಟ್ರೆವರ್ ಬಾರಿಸಿದಂತೆ ನಟಿಸಿದ್ದು ಅದನ್ನೇ. ಇದನ್ನು ನಿಜವಾಗಿ ಬಾರಿಸಿದ್ದು ಯಾರೋ ಚರ್ಚಿನಲ್ಲಿ ಕೂತು ಬಾರಿಸುವವರ ಕೈ, ಡ್ಯಾನ್ಸಿನವರದಲ್ಲ ಎಂದಳು. ಟ್ರೆವರ್ ಕೇಳಿದರೆ ಡ್ಯಾರೆನ್, ಎಲ್ಲಾ ಮೆಷಿನ್ ಗುರೂ ಎಂದು ಕೈ ಕೊಡವಿದ.

ಆ ಭಾನುವಾರದಿಂದ ಟ್ರೆವರ್ ಮಿಸ್ ಗ್ರೀನ್‌ವುಡ್‌ನ ಶಿಷ್ಯನಾದ. ಮೂವತ್ತಾರರ ವಯಸ್ಸಿನಲ್ಲಿ, ಮೊಳೆ ಹೊಡೆದು ದಪ್ಪವಾದ ಬೆರಳುಗಳು. ಒಂದು ಮನೆ ಒತ್ತಿದರೆ ಪಕ್ಕದ್ದೂ ಕೂಗುತ್ತಿತ್ತು. ಅವನಿಗಿಂತ ಮುಂಚೆ ಪಾಠಕ್ಕೆ ಬರುತ್ತಿದ್ದ ಏಳು ವರ್ಷದ ಹುಡುಗಿ ಹೊರಡುವಾಗ ಅವನನ್ನು ಕರುಣೆಯಿಂದ ನೋಡುತ್ತಿದ್ದಳು. ಮನೆಯಲ್ಲಿ ಒಂದೇ ಸಾಲನ್ನು ಸಂಜೆಯಿಡೀ ಬಾರಿಸಿ ಲಿನೆಟ್‌ಳಿಂದ ಬೈಸಿಕೊಳ್ಳುತ್ತಿದ್ದ. ಅದೇ ಸಾಲನ್ನು ಅವಳು ಪಾತ್ರೆ ತೊಳೆಯುವಾಗ ಗುನುಗುವುದನ್ನು ಕೇಳಿದ ದಿನ ಬೈಗುಳಕ್ಕೆ ಬೆಲೆ ಹೋಯಿತು.

ಚಳಿಗಾಲ ಬರುವ ಮೊದಲು ಹಾಡುಪಟ್ಟಿಯ ಕಾರ್ಯಕ್ರಮದವರು ರೀತಿ ಬದಲಿಸಿದರು. ಇನ್ನು ಮುಂದೆ ಬಂದವರು ನಿಜವಾಗಿಯೇ ಹಾಡಬೇಕು ಎಂದಾಯಿತು. ಮಾರ್ಲೀನ್‌ಗೆ ಅದರ ಹೆದರಿಕೆಯಿರಲಿಲ್ಲ, ದನಿ ಅವಳದ್ದೇ. ಮತ್ತೆ ಕರೆ ಬಂದರೆ ಇರಲಿ ಎಂದು ಟ್ರೆವರ್ ಗುಟ್ಟಾಗಿ ತನ್ನ ಭಾಗವನ್ನು ಕಲಿಯತೊಡಗಿದ. ಆದರೆ ಡ್ಯಾರೆನ್‌ನ ಎರಡನೆಯ ಹಾಡು ಪಟ್ಟಿಯ ಬುಡದಲ್ಲಿ ಒಂದು ವಾರ ತಲೆ ತೋರಿಸಿ ಮುಳುಗಿತು, ಕರೆ ಬರಲಿಲ್ಲ. ಡ್ಯಾರೆನ್ ಅಡುಗೆಮನೆ ಕಪಾಟು ಮಾರುವ ಕೆಲಸಕ್ಕೆ ಸೇರಿದ. ನೆಲಮಾಳಿಗೆಯ ಗೋಡೆಯಲ್ಲಿ ಕಾರ್ಪೆಟ್ ಮಾತ್ರ ಉಳಿಯಿತು. ಟ್ರೆವರ್‌ಗೆ ನಿರಾಸೆಯಾಯಿತು. ಆದರೂ ಆ ವಾರದ ಪಾಠದಲ್ಲಿ ಒಂದೂ ತಪ್ಪಿಲ್ಲದೆ ಬಾರಿಸಿದ. ಮಿಸ್ ಗ್ರೀನ್‌ವುಡ್ ಇನ್ನೊಂದು ಬಿಸ್ಕತ್ತು ಕೊಟ್ಟಳು.

ವರ್ಷಗಳು ಹೋದವು. ಮುದುಕಿ ತೀರಿಕೊಂಡಾಗ ಶವಸಂಸ್ಕಾರದಲ್ಲಿ ಪಿಯಾನೋ ಬಾರಿಸಿದ್ದು ಅವನೇ. ಆ ಬಳಿಕ ಪ್ರತಿ ಮಂಗಳವಾರ ಮುದುಕರ ಊಟದ ಕೂಟದಲ್ಲೂ ಬಾರಿಸತೊಡಗಿದ. ಹಾಡುಪಟ್ಟಿಯ ಕಾರ್ಯಕ್ರಮವೂ ನಿಂತುಹೋಯಿತು. ಅದು ನಿಂತು ಕೆಲವು ವರ್ಷಗಳಾದ ಮೇಲೆ, ಹಳೆಯ ದಿನಗಳನ್ನು ನೆನೆಯುವ ಕಾರ್ಯಕ್ರಮವೊಂದಕ್ಕಾಗಿ ಲೀಡ್ಸಿನ ಟಿವಿಯವರು ಮೊಣಕಾಲಿನ ಮನುಷ್ಯನನ್ನು ಹುಡುಕಿ ಫೋನ್ ಮಾಡಿದರು. ಅಲ್ಲಿಗೆ ಹೋದಾಗ ಕಾಯುವ ಕೋಣೆಯಲ್ಲಿ, ಕನ್ನಡಕ ಹಾಕಿಕೊಂಡ ದಪ್ಪಗಿನ ಹೆಂಗಸೊಬ್ಬಳು ಎದ್ದು ಅವನನ್ನು ಅಪ್ಪಿಕೊಂಡಳು. ಮಾರ್ಲೀನ್! ಈಗ ಆಸ್ಪತ್ರೆಯಲ್ಲಿ ಹೆರಿಗೆ ದಾದಿ.

ಕ್ಯಾಮೆರಾದ ಮುಂದೆ ಅವನು ಮೊಣಕಾಲೆತ್ತಿದ, ಅವಳು ಎರಡು ಸಾಲು ಹಾಡಿದಳು, ನಿರೂಪಕಿ ನಕ್ಕಳು, ಮುಗಿಯಿತು. ಆಮೇಲೆ ಚಹಾ ಕುಡಿಯುವಾಗ ಟ್ರೆವರ್ ಕೇಳಿದ.

"ಆ ಹಿಂದಿನ ಸ್ವರ, ಮೆಷಿನ್ನಿಂದೇನಾ?"

"ಮೆಷಿನ್ನಂತೆ! ನಮ್ಮ ಐವಿ ಅತ್ತೆದು. ಚರ್ಚಲ್ಲಿ ಅವಳು ಹಾರ್ಮೋನಿಯಂ ಬಾರ್ಸಿದ್ದನ್ನ ನಾನು ಕ್ಯಾಸೆಟ್ ಮಾಡ್ಕೊಂಡಿದ್ದೆ. ಡ್ಯಾರೆನ್ ಅದನ್ನ ಸ್ಪೀಡಾಗಿ ಓಡಿಸಿ ಓಡಿಸಿ ಹಂಗೆ ಮಾಡ್ದ."

"ಅತ್ತೆ ಇದಾರಾ?"

"ಗುಂಡುಕಲ್ಲಿನ ಹಂಗೆ ಇದಾಳೆ. ಭಾನುವಾರ ಬಾ."

ಭಾನುವಾರ ಟ್ರೆವರ್ ಲಿನೆಟ್‌ಳನ್ನು ಕರೆದುಕೊಂಡು ಹಡರ್ಸ್‌ಫೀಲ್ಡಿನ ಆ ಚಿಕ್ಕ ಚರ್ಚಿಗೆ ಹೋದ. ಕಾಲಿನಿಂದ ತಿದಿಯೊತ್ತುವ ದೊಡ್ಡ ಹಾರ್ಮೋನಿಯಂ ಮುಂದೆ ನೇರಳೆ ಟೋಪಿಯ ಮುದುಕಿ ಕೂತಿದ್ದಳು. ಪ್ರಾರ್ಥನೆ ಶುರುವಾಗುವ ಮೊದಲು ಅವಳು ಬಾರಿಸಿದಳು. ಅದೇ ಸ್ವರ, ಆದರೆ ನಿಧಾನ, ಎಷ್ಟು ನಿಧಾನವೆಂದರೆ ಟ್ರೆವರ್‌ಗೆ ಗುರುತು ಹತ್ತುವಷ್ಟರಲ್ಲಿ ಅರ್ಧ ಮುಗಿದಿತ್ತು. ಕುಣಿಯುವ ಹಾಡಿನೊಳಗೆ ಇಷ್ಟು ಕಾಲ ಇದು ಅಡಗಿತ್ತೇ ಎಂದು ಅವನು ಮೊಣಕಾಲಿನ ಮೇಲೆ ಬೆರಳುಗಳಿಂದ ಆ ನಿಧಾನದ ತಾಳ ಹಾಕುತ್ತ ಕೂತ.

ಪ್ರಾರ್ಥನೆ ಮುಗಿದ ಮೇಲೆ ಹತ್ತಿರ ಹೋಗಿ, ಅದು ಯಾವ ಕೀರ್ತನೆ, ಯಾರು ಕಟ್ಟಿದ್ದು ಎಂದು ಕೇಳಿದ.

"ಕೀರ್ತನೆನೂ ಇಲ್ಲ, ಏನೂ ಇಲ್ಲ ಕಂದಾ" ಎಂದಳು ಐವಿ ಅತ್ತೆ. "ನಮ್ಮೋರು ಒಬ್ರೂ ಹೊತ್ತಿಗೆ ಸರಿಯಾಗಿ ಬರಲ್ಲ. ಕೊನೇ ಹೆಂಗ್ಸು ಬಂದು, ಟೋಪಿ ಸರಿ ಮಾಡ್ಕೊಂಡು, ಕೂರೋ ತನಕ ಏನಾದ್ರೂ ಬಾರ್ಸ್ತಾ ಇರ್ಬೇಕಲ್ಲ?"

ಅದು ಟಿವಿಯಲ್ಲಿ ಬಂದು ದೇಶವೆಲ್ಲ ಕುಣಿದದ್ದು ಗೊತ್ತೇ ಎಂದರೆ, ಗುರುವಾರ ತನಗೆ ಬೈಬಲ್ ತರಗತಿ, ಟಿವಿ ನೋಡಲು ಬಿಡುವೆಲ್ಲಿತ್ತು ಎಂದಳು. ಆಮೇಲೆ ಅವನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಬಾರಿಸಲು ಬರುತ್ತದೆಯೇ ಎಂದು ಕೇಳಿದಳು. ಅಲ್ಪಸ್ವಲ್ಪ ಎಂದ ಟ್ರೆವರ್. ಮುದುಕಿ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಕೆಳಗಿನ ಸ್ವರಗಳಿಗೆ ನನ್ನ ಎಡಗೈ ಈಚೆಗೆ ಕೈಕೊಡುತ್ತಿದೆ, ನೀನು ಹಿಡಿದುಕೋ, ಆದರೆ ನನಗಿಂತ ಮುಂದೆ ಓಡಬೇಡ ಎಂದಳು.

ಈಗ ತಿಂಗಳಿಗೊಂದೆರಡು ಭಾನುವಾರ ಟ್ರೆವರ್ ಮತ್ತು ಲಿನೆಟ್ ಹಡರ್ಸ್‌ಫೀಲ್ಡಿಗೆ ಹೋಗುತ್ತಾರೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಎಲ್ಲರ ಜೊತೆ ಕೋಳಿ, ಕಾಳು ಹಾಕಿದ ಅನ್ನ ತಿನ್ನುತ್ತಾರೆ. ಲಿನೆಟ್ ಮಸಾಲೆ ಮಾಡುವ ಬಗೆ ಕೇಳಿ ಕೇಳಿ ಸೋತಿದ್ದಾಳೆ, ಅಲ್ಲಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟ್ರೆವರ್ ಊಟ ಮುಗಿಸಿದವನೇ ಹಾರ್ಮೋನಿಯಂ ಹಿಂದೆ ಹೋಗಿ ಬಗ್ಗುತ್ತಾನೆ. ಅದರ ತಿದಿ ಗಾಳಿಯನ್ನು ಹೇಗೆ ಹಿಡಿದಿಡುತ್ತದೆ ಎಂದು ಅವನಿಗಿನ್ನೂ ಪೂರ್ತಿ ತಿಳಿದಿಲ್ಲ. ಬಿಚ್ಚಿದರೆ ಕೈ ಮುರಿಯುತ್ತೇನೆ ಎಂದು ಐವಿ ಅತ್ತೆ ಹೇಳಿಟ್ಟಿದ್ದಾಳೆ.