ನುಂಗಬಾರದ ಗುಟುಕು

ಅಕ್ಕನನ್ನು ಆ ವೈನ್ ಮಾಡುವವರ ಮನೆಗೆ ಹೊರಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ನಮ್ಮ ಭಾವ ಕುಡಿದು ಕುಡಿದೇ ಸತ್ತವನು. ಅಕ್ಕ ಇಳಕಲ್ಲಿನಲ್ಲಿ ಖಾನಾವಳಿ ನಡೆಸಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ಆ ಮಗಳು ಈಗ, ಗುಡೂರಿನ ಆಚೆ ತೋಟದಲ್ಲೇ ದ್ರಾಕ್ಷಿಯಿಂದ ವೈನ್ ತಯಾರಿಸುವ ಮನೆಯ ಹುಡುಗನನ್ನೇ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದು ಕೂತಿದ್ದಳು.

"ಸೆರೆ ಕಾಸೋರ ಮನಿಗೆ ಹೆಣ್ಣು ಕೊಡಂಗಿಲ್ಲ" ಎಂದಳು ಅಕ್ಕ.

"ಅದನ್ನ ಕಾಸಂಗಿಲ್ಲ ಯಕ್ಕಾ, ಕೊಳಿ ಹಾಕ್ತಾರ" ಎಂದು ತಿದ್ದಲು ಹೋಗಿ ಬೈಸಿಕೊಂಡೆ. ಕೊನೆಗೆ, ಬೇಡ ಅನ್ನಲಿಕ್ಕಾದರೂ ಒಮ್ಮೆ ಮನೆ ನೋಡಿ ಬರೋಣ ಎಂದು ಒಪ್ಪಿಸಿದೆ. ಗುಡೂರಿನಲ್ಲಿ ಬಸ್ಸಿಳಿದು ಟಂಟಂ ಹತ್ತಿದೆವು. 

ಅಲ್ಲಿ ನೋಡಿದರೆ ಎಲ್ಲ ಉಲ್ಟಾ. ಅಂಗಳದಲ್ಲಿ ಕುರಿಮರಿಗಳು, ಕಟ್ಟೆಯ ಮೇಲೆ ಕಂಬಳಿ, ಬಾಗಿಲ ಮೇಲೆ ಬೀರಪ್ಪನ ಪಟ. ಗಂಡಸರ ಹಣೆಯ ತುಂಬ ಭಂಡಾರದ ಅರಿಶಿನ. ಪಕ್ಕದ ತಗಡಿನ ಶೆಡ್ಡಿನಲ್ಲಿ ದೊಡ್ಡ ದೊಡ್ಡ ಸ್ಟೀಲ್ ಟಾಕಿ, ಅವಕ್ಕೂ ಭಂಡಾರ! ಇದು ದೇವರ ಗುಡಿಯೋ, ಸೆರೆ ಅಂಗಡಿಯೋ? ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಒಂದನ್ನು ಬಿಟ್ಟು, ಇನ್ನೊಂದರಲ್ಲಿ ನಿಂತುಕೊಂಡೆ.

ಹುಡುಗನ ತಾಯಿ ಟಾಕಿಯ ನಳ ತಿರುವಿ, ಸಣ್ಣ ಗ್ಲಾಸಿನಲ್ಲಿ ಕೆಂಪಗಿನ ವೈನ್ ಹಿಡಿದು ನನ್ನ ಮುಂದೆ ಚಾಚಿದಳು. "ತಗೋರಿ. ಹೆಂಗೈತಿ ನೋಡಿ ಹೇಳ್ರಿ." ಹುಡುಗ ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ನನ್ನ ಮಗ್ಗುಲಿಗೇ ಬಂದು ನಿಂತ. ಕೈ ತೊಳೆಯಲಿಕ್ಕಿರಬೇಕು ಅಂದುಕೊಂಡೆ.

ನನ್ನ ತಲೆ ಗಿರ್ರೆಂದಿತು. ಕುಡಿದರೆ, ಹುಡುಗಿಯ ಸೋದರಮಾವ ಕುಡುಕ ಅನ್ನುತ್ತಾರೆ. ಬಿಟ್ಟರೆ, ಅವರ ಕಸುಬಿಗೇ ಅವಮಾನ ಮಾಡಿದಂತೆ. ಇವರು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೋ, ಉಪಚಾರ ಮಾಡುತ್ತಿದ್ದಾರೋ? ಅಕ್ಕನ ಕಡೆ ನೋಡಿದೆ. ಆಕೆ ಮೇಲಿನ ತಗಡು ನೋಡುತ್ತಿದ್ದಳು. ಹಾಳಾಗಿ ಹೋಗಲಿ ಎಂದು ಕಣ್ಣು ಮುಚ್ಚಿ ಗಟಗಟ ಕುಡಿದೇಬಿಟ್ಟೆ.

ಹುಡುಗ ಖಾಲಿ ಬಕೆಟ್ಟಿನೊಳಗೆ ಇಣುಕಿ ನೋಡಿದ.

"ಅಯ್ಯ, ನುಂಗೇಬಿಟ್ರಲ್ರಿ!" ಎಂದಳು ಹುಡುಗನ ತಾಯಿ.

"ನುಂಗದ ಮತ್ತೇನ್ ಮಾಡ್ಬೇಕ್ರಿ?" ನನಗೂ ಸಿಟ್ಟು ಬಂತು.

"ಉಗಳ್ಬೇಕ್ರಿ" ಎಂದ ಹುಡುಗ, ಬಕೆಟ್ ತೋರಿಸಿ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಆ ತಾಯಿ ಮಾತ್ರ ನಗದೆ ಅಕ್ಕನ ಕಡೆ ತಿರುಗಿದಳು. "ಈ ಮನ್ಯಾಗ ಹುಟ್ಟಿದವ್ರು ಇದನ್ನ ಬಾಯಿಗೆ ಹಚ್ಚಂಗಿಲ್ಲ ಅಂತ ನಮ್ಮ ಮಾವ ಬೀರಪ್ಪನ ಮುಂದ ಆಣಿ ಮಾಡ್ಯಾರ್ರಿ. ಅದಕ್ಕ ಹೊರಗಿಂದ ಬಂದ ಸೊಸಿನೇ ಇದರ ರುಚಿ ನೋಡೋದು. ಬಂದಾಗಿಂದ ನಾನ ನೋಡೇನಿ, ಒಂದು ಹನಿ ನುಂಗಿಲ್ರಿ. ಈಗ ಜ್ವರ ಬಂದು ಹ್ವಾದಮ್ಯಾಲೆ ನನಗ ವಾಸನಿನೂ ಇಲ್ಲ, ರುಚಿನೂ ಇಲ್ಲ. ಬರೋ ಸೊಸಿನ ಈ ಕೆಲಸ ಮಾಡ್ಬೇಕ್ರಿ. ನಿಮ್ಮ ಹುಡುಗಿ ಹೂಂ ಅಂದಾಳಂತ. ಆದ್ರ ತಾಯಿಗೆ ಮುಚ್ಚಿಟ್ಟು ಹೆಣ್ಣು ತರೋದು ನನಗ ಬ್ಯಾಡ."

ಕುಡಿಯದವರು ಮಾಡುವುದು, ಸೊಸೆ ಬಾಯಿಗೆ ಹಾಕಿಕೊಂಡು ಉಗುಳುವುದು. ಇದೆಂಥ ಮನೆತನವಪ್ಪಾ ದೇವರೇ! ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನನಗೆ ಏನೇನೂ ತಿಳಿಯಲಿಲ್ಲ. ಸಂಬಂಧವಂತೂ ಮುರಿಯಿತು, ಮನೆಗೆ ಹೋಗಿ ಆ ಹುಡುಗಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದುಕೊಳ್ಳುತ್ತ ಬಿಟ್ಟ ಚಪ್ಪಲಿ ಹುಡುಕತೊಡಗಿದೆ.

"ಕೊಡ್ರಿ ಇಲ್ಲಿ" ಎಂದಿತು ಅಕ್ಕನ ದನಿ.

ತಿರುಗಿ ನೋಡಿದರೆ, ಮತ್ತೆ ವೈನ್ ತುಂಬಿದ ಗ್ಲಾಸು ಅಕ್ಕನ ಕೈಯಲ್ಲಿತ್ತು. ಸೆರೆಯ ವಾಸನೆ ಬಂದರೇ ಭಾವನ ಊಟದ ತಾಟು ಎತ್ತಿ ಒಗೆಯುತ್ತಿದ್ದವಳು! ಖಾನಾವಳಿಯ ಸಾರಿಗೆ ಉಪ್ಪು ನೋಡುವ ಹಾಗೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಆ ಕಡೆ ಈ ಕಡೆ ಆಡಿಸಿದಳು. ಆಮೇಲೆ ಬಗ್ಗಿ, ಎಷ್ಟು ಜೋರಾಗಿ ಉಗುಳಿದಳೆಂದರೆ ಬಕೆಟ್ ಹಿಡಿದ ಹುಡುಗ ಹಿಂದೆ ಸರಿದ.

"ಹುಳಿ ಐತಿ, ಒಗರು ಐತಿ. ಕೆಟ್ಟಿಲ್ಲ" ಎಂದಳು ಆ ತಾಯಿಗೆ. "ನನ್ನ ಮಗಳಿಗೆ ಕಲಿಸ್ರಿ. ಖರೇನ ಒಂದು ಹನಿ ಒಳಗ ಹೋಗಬಾರ್ದು."

ಸಂಬಂಧ ಕೂಡಿತೆಂಬುದು ನನಗೆ ತಿಳಿಯಲಿಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಅಷ್ಟರಲ್ಲಿ ಅಕ್ಕ ಸೆರಗಿನಿಂದ ಬಾಯಿ ಒರೆಸಿ, ಕಣ್ಣೂ ಒರೆಸಿಕೊಂಡು, ಗ್ಲಾಸನ್ನು ಮತ್ತೆ ಮುಂದೆ ಚಾಚಿದಳು.

"ಇನ್ನೊಂದೀಟು ಹಾಕ್ರಿ."

"ಯಾಕ ಯಕ್ಕಾ, ರುಚಿ ತಿಳೀಲಿಲ್ಲೇನು?" ಎಂದೆ.

"ರುಚಿ ತಿಳೀತೋ ತಮ್ಮಾ. ಇನ್ನೊಂದ್ಸಲ ಉಗಳ್ಬೇಕು."