ಅತ್ತಿಗೆಯ ಮುಖ, ನಾಲ್ಕನೇ ಭಾಗ

ಕೊಯಮತ್ತೂರಿನ ಗಾಂಧಿಪುರಂ ಬಸ್ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಮೊನ್ನೆ ಒಬ್ಬ ಮೈದಾ ಗಂಜಿ ಬಳಿದು ಪೋಸ್ಟರ್ ಅಂಟಿಸುತ್ತಿದ್ದ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನೆಗಮಂನ ನಮ್ಮ ನೇಕಾರರ ಬೀದಿ ಕಣ್ಣಮುಂದೆ ಬಂತು... ಆ ಬೀದಿಯ ಅತ್ತಿಗೆಯೂ.

ಐದನೇ ಕ್ಲಾಸು ಬಿಟ್ಟು ಮಗ್ಗದ ಗುಂಡಿಗೆ ಇಳಿದವನು ನಾನು. ಎಂಬತ್ತರ ದಶಕದಲ್ಲಿ ನನ್ನ ಕೈಯ ಸೀರೆಗೆ ಯಾವ ಅಂಗಡಿಯವನೂ ಕುಂದು ಹೇಳಿದ್ದಿಲ್ಲ. ಅತ್ತಿಗೆ ಎದುರು ಮನೆಯ ಅಣ್ಣನ ಹೆಂಡತಿ. ಮದುವೆಗೆ ಮುಂಚೆ ಮದರಾಸಿನಲ್ಲಿ ಒಂದು 'ಎ' ಸರ್ಟಿಫಿಕೇಟ್ ಸಿನಿಮಾದಲ್ಲಿ ನಟಿಸಿದ್ದರು. ಅಣ್ಣನಿಗೆ ಎಲ್ಲ ಹೇಳಿಯೇ ಮದುವೆಯಾದರು. ನಮ್ಮಮ್ಮನಿಗೂ ನನಗೂ ಗೊತ್ತಿತ್ತು. ಬೀದಿಗೆ ಗೊತ್ತಿರಲಿಲ್ಲ.

ಆ ಸಿನಿಮಾ ಬೆಳಗಿನ ಆಟಗಳಲ್ಲಿ ಚೆನ್ನಾಗಿ ಓಡಿತು. ಎರಡನೇ ಭಾಗ ಬಂತು, ಮೂರನೆಯದೂ ಬಂತು. ಕಥೆಗೂ ಕಥೆಗೂ ಸಂಬಂಧವಿಲ್ಲ, ನಟಿಸಿದವರು ಬೇರೆ ಬೇರೆ. ಹೆಸರು ಮಾತ್ರ ಅದೇ. ಪೋಸ್ಟರಿನ ಮುಖವೂ ಅದೇ, ಅತ್ತಿಗೆಯದು. ಅಂಕಿ ಏರುತ್ತಿತ್ತು, ಮುಖಕ್ಕೆ ವಯಸ್ಸಾಗುತ್ತಿರಲಿಲ್ಲ.

ಅತ್ತಿಗೆಯ ಜೊತೆ ಪೊಳ್ಳಾಚಿಗೆ ಹೋದಾಗಲೆಲ್ಲ ನಾನು ಮುಂದೆ ನಡೆಯುತ್ತಿದ್ದೆ. ಗೋಡೆಯಲ್ಲಿ ಪೋಸ್ಟರ್ ಕಂಡರೆ, "ಅತ್ತಿಗೆ, ಈ ಕಡೆ ಬನ್ನಿ" ಅನ್ನುತ್ತಿದ್ದೆ. ಅವರು ಸೆರಗು ಎಳೆದುಕೊಂಡು ರಸ್ತೆ ದಾಟುತ್ತಿದ್ದರು.

ನಾಲ್ಕನೆಯದು ಬರುತ್ತದೆಂದು ತಿಳಿದಾಗ ಅಣ್ಣ, ಅತ್ತಿಗೆ, ನಾನು ಕೊಯಮತ್ತೂರಿನ ವಿತರಕನ ಆಫೀಸಿಗೆ ಹೋದೆವು.

"ಹೆಸರು ಇಟ್ಕೊಳ್ಳಿ ಸಾರ್, ಮುಖ ಮಾತ್ರ ತೆಗೆದುಬಿಡಿ," ಅಂದರು ಅತ್ತಿಗೆ.

ಆತ ನಕ್ಕ. "ಮುಖ ತೆಗೆದ್ರೆ ಪಿಚ್ಚರ್‌ನಲ್ಲಿ ಇನ್ನೇನಮ್ಮಾ ಇದೆ?" ಕಾಫಿ ತರಿಸಿದ. ಅತ್ತಿಗೆ ಮುಟ್ಟಲಿಲ್ಲ.

ಆ ಪೋಸ್ಟರ್ ಸೀದಾ ನಮ್ಮ ಬೀದಿಯ ತುದಿಗೇ ಬಂತು. ಅತ್ತಿಗೆ ಅದರ ಮುಂದೆಯೇ ನೀರಿಗೆ ಹೋಗಬೇಕು. ಎರಡು ಮುಖವನ್ನೂ ಎದುರೆದುರು ನೋಡಿದ ಮೇಲೆ ಬೀದಿಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಮಾರನೆಯ ಬೆಳಗ್ಗೆ ಅಣ್ಣನ ಮನೆಯ ಪಾವು. ಹಾಸಿನ ನೂಲನ್ನು ಬೀದಿಯುದ್ದ ಬಿಗಿದು ಗಂಜಿ ಹಾಕುವುದಕ್ಕೆ ನಾವು ಪಾವು ಅನ್ನುತ್ತೇವೆ. ಯಾರ ಮನೆಯದಾದರೂ ಬೀದಿಯವರೆಲ್ಲ ಬಂದು ಕೈ ಜೋಡಿಸಬೇಕು, ಕರೆಯುವ ಪದ್ಧತಿಯಿಲ್ಲ. ಬಿಸಿಲೇರುವ ಮೊದಲು ಎಳೆ ಬಿಡಿಸದಿದ್ದರೆ ನೂಲೆಲ್ಲ ಅಂಟಿಕೊಂಡು ಹಾಳು. ಅವತ್ತು ಜನ ಜಗಲಿಯಲ್ಲಿ ಕೂತು ನೋಡಿದರು.

"ನಾಯಕಿ ಅಮ್ಮ ಗಂಜಿ ಹಾಕ್ತಾಳೆ, ಟಿಕೆಟ್ ಇಲ್ದೆ ನೋಡ್ರಪ್ಪಾ!" ಅಂದನೊಬ್ಬ.

ನಮ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು. "ಮೂರು ಭಾಗಕ್ಕೂ ಟಿಕೆಟ್ ತಗೊಂಡೋನು ನೀನು. ನಾಚ್ಕೆ ಮಾತ್ರ ಅವಳು ಪಡ್ಬೇಕೇನೋ?"

ಆದರೂ ಜಗಲಿಯಿಂದ ಯಾರೂ ಇಳಿದು ಬರಲಿಲ್ಲ. ನಾವು ನಾಲ್ವರೇ ಬೆರಳು ಕೊಯ್ಯುವಂತೆ ಎಳೆ ಬಿಡಿಸಿದೆವು. ಅರ್ಧ ಉಳಿಯಿತು, ಉಳಿದರ್ಧ ಬಿಸಿಲಿಗೆ ಹಲಗೆಯಂತಾಯಿತು. ಅತ್ತಿಗೆ ಅದನ್ನು ಸವರುತ್ತಾ ನಿಂತಿದ್ದರು...

ಬೀದಿಯವರ ಕೈಯಿಲ್ಲದೆ ಕೈಮಗ್ಗ ನಡೆಯುವುದಿಲ್ಲ. ಅವರು ಮಗ್ಗ ಬಿಚ್ಚಿದರು. ಪಲ್ಲಡಂನಲ್ಲಿ ಕರೆಂಟಿನ ಮಗ್ಗ, ಅಲ್ಲಿ ಯಾರ ಕೈಯೂ ಬೇಡ ಅಂದ ಅಣ್ಣ. ಬಸ್ಸು ಹತ್ತುವಾಗ ಅತ್ತಿಗೆ ಹೇಳಿದರು: "ಅವ್ರು ಇನ್ನೂ ಎಷ್ಟು ಭಾಗ ತೆಗೀತಾರೋ, ತಂಬಿ... ಅಷ್ಟಕ್ಕೂ ನಾನೇ ಅಲ್ವಾ?"

ಮುಂದೆ ಅವರು ಪಲ್ಲಡಂನಲ್ಲೂ ಇಲ್ಲವೆಂದು ಕೇಳಿದೆ. ಐದನೇ ಭಾಗದ ಪೋಸ್ಟರ್ ಕಂಡೆ, ಆರನೆಯದನ್ನೂ ಕಂಡೆ. ಅತ್ತಿಗೆಯನ್ನು ಕಾಣಲಿಲ್ಲ.

ಮೊನ್ನೆ ಗೋಡೆಗೆ ಅಂಟಿಸುತ್ತಿದ್ದದ್ದು ಯಾವುದೋ ಸೀರೆ ಅಂಗಡಿಯ ಪೋಸ್ಟರ್. ಅದು ಯಾವುದೆಂದು ನೋಡುವ ಮೊದಲೇ ನಾನು ಹಿಂದಕ್ಕೆ ತಿರುಗಿ, "ಅತ್ತಿಗೆ, ಈ ಕಡೆ..." ಅಂದುಬಿಟ್ಟಿದ್ದೆ. ಹಿಂದೆ ಬರುತ್ತಿದ್ದ ಯಾರೋ ಹೆಂಗಸು ಪಕ್ಕಕ್ಕೆ ಸರಿದು ಹೋದರು.